ಅಪ್ಪಯ್ಯನ ಕಡತ ಮತ್ತು ಜಪಾನಿನ ಯೆನ್

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಓದಲು ಒದ್ದಾಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಆಗೆಲ್ಲ ಕನ್ನಡದ ಪುಟ ತೆರೆದರೆ ಸಾಲುಸಾಲಾಗಿ ಚೌಕಗಳು ಕಾಣಿಸುತ್ತಿದ್ದವು, ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳದ ಹಾಗೆ. ಅದಕ್ಕೆ ಮದ್ದು ಎಕ್ಸ್‌ಪಿಯೊಳಗೇ ಇತ್ತು. ಆದರೆ ಇರುವ ಜಾಗ ಯಾರಾದರೂ ಹೇಳಿಕೊಡದೆ ಗೊತ್ತಾಗುವ ಹಾಗಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಅಲ್ಲಿ ಎರಡನೆಯ ಹಾಳೆಗೆ ಹೋದರೆ ಒಂದು ಪುಟ್ಟ ಚೌಕ. ಅದರ ಪಕ್ಕದಲ್ಲಿ ಬರೆದದ್ದು, "ಸಂಕೀರ್ಣ ಲಿಪಿಗಳ ಹಾಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಫೈಲುಗಳನ್ನು ಹಾಕಿ, ಥಾಯ್ ಸಹಿತ" ಎಂಬರ್ಥದ ಇಂಗ್ಲಿಷ್ ಸಾಲು. ಕನ್ನಡ ಬೇಕಾದವನು ಅಲ್ಲಿ ಟಿಕ್ ಹಾಕಬೇಕು!

ಕನ್ನಡವನ್ನು ಬಲದಿಂದ ಎಡಕ್ಕೆ ಬರೆಯುವವರನ್ನು ನಾನಂತೂ ನೋಡಿಲ್ಲ. ಥಾಯ್ ಭಾಷೆಗೂ ನಮಗೂ ಏನು ನಂಟು? ಟಿಕ್ ಹಾಕಿದರೆ ಇನ್ನೊಂದು ಪೆಟ್ಟಿಗೆ ಎದ್ದು, ಅರಬ್ಬಿ, ಆರ್ಮೇನಿಯನ್, ಜಾರ್ಜಿಯನ್, ಹೀಬ್ರೂ ಎಂದು ಹೆಸರು ಹೇಳುತ್ತಾ ಹೋಗಿ ನಡುವೆ ಎಲ್ಲೋ "ಇಂಡಿಕ್" ಎಂದು ಒಂದೇ ಮಾತು ಆಡುತ್ತಿತ್ತು. ಅದರೊಳಗೆ ನಾವು. ಆಮೇಲೆ ಎಕ್ಸ್‌ಪಿಯ ಮೂಲ ಸಿಡಿ ಹಾಕಿ ಅನ್ನುವುದು. ಅದು ಮುಗಿದರೆ ರೀಸ್ಟಾರ್ಟ್. ಅಷ್ಟಾದ ಮೇಲೆ ತುಂಗಾ ಎಂಬ ಫಾಂಟು ಬಂದು ಕೂತು ಚೌಕಗಳೆಲ್ಲ ಅಕ್ಷರವಾಗುತ್ತಿದ್ದವು.

ನಾನು ಕೋಲ್ಕತ್ತಕ್ಕೆ ಬಂದದ್ದು 1998ರಲ್ಲಿ, ಬ್ಯಾಂಕಿನ ವರ್ಗಾವಣೆಯಿಂದ. ನಡುವೆ ಪಟ್ನಾ, ಗುವಾಹಟಿ ಎಂದು ಎರಡು ಸಲ ಗಂಟುಮೂಟೆ ಕಟ್ಟಿದರೂ ಮನೆ ಮಾತ್ರ ಇಲ್ಲೇ ಉಳಿಯಿತು. ಹೆಂಡತಿಗೆ ಇಲ್ಲಿ ಶಾಲೆಯ ಕೆಲಸ, ಮಗಳಿಗೆ ಇಲ್ಲಿನ ಮಾತು. 2003ರಲ್ಲಿ ಮನೆಗೆ ಕಂಪ್ಯೂಟರ್ ತಂದದ್ದು ಚಾಂದನಿ ಚೌಕದ ಸಂದಿಯೊಂದರ ಅಂಗಡಿಯಿಂದ, ಬಿಡಿಭಾಗ ಜೋಡಿಸಿ ಕೊಡುವ ಪೈಕಿ. ಸಿಡಿ ಕೊಟ್ಟಿರಲಿಲ್ಲ. ಕೇಳಲು ಹೋದರೆ ಅಂಗಡಿಯ ಹುಡುಗ ಯಾಕೆ ಬೇಕು ಎಂದ. ನಾನು ಆ ಸಾಲಿನ ನಕಲು ಬರೆದುಕೊಂಡು ಹೋಗಿದ್ದೆ, ತೋರಿಸಿದೆ. ಓದಿ, ನನ್ನ ಮುಖ ನೋಡಿ, "ದಾದಾ, ಆಪ್ನಿ ಆರ್ಬಿ ಪೊಡ್‌ಬೇನ್?" ಎಂದು ಕೇಳಿದ. ನೀವು ಅರಬ್ಬಿ ಓದುತ್ತೀರಾ ಎಂದು! ಅಲ್ಲಪ್ಪ, ಕನ್ನಡ ಅಂದೆ. ಅವನೇ ಸಿಡಿ ಹಿಡಿದುಕೊಂಡು ಸಂಜೆ ಮನೆಗೆ ಬಂದ. ಪರದೆಯ ಮೇಲೆ ಕನ್ನಡ ಮೂಡಿದಾಗ ಅವನ ಮುಖದಲ್ಲಿ ಸಂತೋಷಕ್ಕಿಂತ ಬೇಜಾರು ಹೆಚ್ಚು. "ನಿಮ್ಮದು ಆಗಲೇ ಇದೆ, ನಮ್ಮ ಬಾಂಗ್ಲಾ ಯಾಕಿಲ್ಲ?" ಅಂದ. ಅವನ ಮಾತು ನಿಜ. ಕನ್ನಡ 2001ರ ಮೂಲ ಎಕ್ಸ್‌ಪಿಯಲ್ಲೇ ಇತ್ತು. ಇಪ್ಪತ್ತು ಕೋಟಿ ಜನರ ಬಂಗಾಳಿ ಭಾಷೆ ಅದರೊಳಗೆ ಬಂದದ್ದು 2004ರ ಎರಡನೇ ಸರ್ವಿಸ್ ಪ್ಯಾಕಿನಲ್ಲಿ, ಮಲಯಾಳವೂ ಹಾಗೆಯೇ. ಆ ನಡುವೆ, 2003ರ ಮಾರ್ಚಿನಲ್ಲಿ, ಬಾಂಗ್ಲಾದೇಶದ ಮೆಹದಿ ಹಸನ್ ಖಾನ್ ಎಂಬ ಮೆಡಿಕಲ್ ವಿದ್ಯಾರ್ಥಿ ಅವ್ರೊ ಎಂಬ ಕೀಲಿಮಣೆ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟ. ನಮ್ಮ ಹುಡುಗ ಮುಂದೆ ಅದನ್ನೇ ಚಾಂದನಿಯ ಅರ್ಧ ಗಿರಾಕಿಗಳಿಗೆ ಹಾಕಿಕೊಟ್ಟ.

ಓದುವುದೇನೋ ಆಯಿತು. ಬರೆಯುವುದು? ಅದಕ್ಕೆ ಆಗ ನಮಗಿದ್ದದ್ದು ಮುಖ್ಯವಾಗಿ ಎರಡು. ಒಂದು ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ. ಇನ್ನೊಂದು ಕನ್ನಡ ಗಣಕ ಪರಿಷತ್ತಿನ ನುಡಿ, ಸರಕಾರದ್ದೂ ಅದೇ. ಊರಿಗೆ ಹೋದಾಗ ಕುಂದಾಪುರದಲ್ಲಿ ಒಬ್ಬರು ನುಡಿಯ ಸಿಡಿ ಕೊಟ್ಟಿದ್ದರಿಂದ ನನ್ನ ಕೈಗೆ ನುಡಿಯೇ ಅಂಟಿತು. ಅದರ ಕೀಲಿಮಣೆಯ ಮೂಲ ಕೆ.ಪಿ. ರಾವ್ ಅವರದು. 26 ಇಂಗ್ಲಿಷ್ ಕೀಲಿಗಳೊಳಗೆ ಇಡೀ ಕನ್ನಡವನ್ನು ಕೂರಿಸಿದ ಬುದ್ಧಿ ಅದು. ಎಫ್ ಒತ್ತಿದರೆ ಒತ್ತಕ್ಷರ. ಕ್ಯೂ ಅಂದರೆ ಟ, ಡಬ್ಲ್ಯೂ ಅಂದರೆ ಡ. ಒಂದು ವಾರ ಕೈ ಕಚ್ಚುತ್ತದೆ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ. ಟೈಪು ಮಾಡುವ ತಂತ್ರಾಂಶದಲ್ಲಿ ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಏರ್ಪಾಡನ್ನು ಮೊದಲೇ ಆರಿಸಿಬಿಡಬೇಕು ಎಂದು ಸಿಡಿ ಕೊಟ್ಟವರು ಚೀಟಿಯ ಹಿಂದೆ ಬರೆದುಕೊಟ್ಟಿದ್ದರು. ಯಾಕೆ ಅಂದರೆ ನುಡಿಯ ಫಾಂಟಿನಲ್ಲಿ ಚಿಕ್ಕ ಡಿ ಜ ಆಗುತ್ತದೆ, ದೊಡ್ಡ ಡಿ ಆ ಆಗುತ್ತದೆ. ಆರಿಸದಿದ್ದರೆ "ಜನ" ಹೋಗಿ "ಆನ" ಆಗುತ್ತಾರೆ.

ಬ್ಯಾಂಕಿನವರಿಗೆ ಇಂಥದ್ದೆಲ್ಲ ಹೊಸದಲ್ಲ ಬಿಡಿ. ಇದೇ ಕೋಲ್ಕತ್ತದಲ್ಲಿ 1960ರ ದಶಕದಲ್ಲಿ ಎಲ್ಐಸಿ ನೌಕರರು ಕಂಪ್ಯೂಟರ್ ಒಳಗೆ ಬರಬಾರದೆಂದು ಇಲಾಕೋ ಹೌಸಿನ ಮುಂದೆ ಹಗಲೂ ರಾತ್ರಿ ಕಾವಲು ಕೂತಿದ್ದರಂತೆ. ನಾನು ಬರುವಷ್ಟರಲ್ಲಿ ಕಾವಲು ಎದ್ದಿತ್ತು, ಕಂಪ್ಯೂಟರ್ ಕೂತಿತ್ತು. ಶಾಖೆಯಲ್ಲಿ ಎಲ್ಲರಿಗಿಂತ ಕಿರಿಯ ಎಂಬ ಒಂದೇ ಅರ್ಹತೆಯ ಮೇಲೆ, ಬರೀ ಬಿಕಾಂ ಓದಿದ ನನ್ನನ್ನು ಸಿಸ್ಟಂ ನೋಡಿಕೊಳ್ಳುವವನನ್ನಾಗಿ ಮಾಡಿದರು. ಕೈಪಿಡಿ ದಿಂಬಿನಷ್ಟು ದಪ್ಪ. ಯಾವ ತೊಂದರೆಗೂ ಕೊನೆಯ ಸಾಲು ಒಂದೇ, "ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ." ಸ್ವಾಮಿ, ಅವನೇ ನಾನು! ಯಾರನ್ನು ಸಂಪರ್ಕಿಸಲಿ?

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಅಪ್ಪಯ್ಯ ಕುಂದಾಪುರ ತಾಲೂಕಿನ ಒಳನಾಡಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. 2004ರ ಮಳೆಗಾಲದಲ್ಲಿ, ಮೊಣಕಾಲು ನೋವಿನಿಂದ ಹೊರಗೆ ಹೋಗಲಾಗದೆ, ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ನೆನಪು ಬರೆದರು. ಬಹುಪಾಲು ಭೂಸುಧಾರಣೆಯ ಕಾಲದ್ದು. 1974ರ ಮಾರ್ಚಿನಿಂದ ತಿದ್ದುಪಡಿ ಕಾನೂನು ಜಾರಿಗೆ ಬಂತಲ್ಲ, ಗೇಣಿದಾರರು ಉಳುವ ಭೂಮಿ ತಮಗೆ ಬೇಕೆಂದು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅದನ್ನು ಭೂನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ ಕೊನೆಗೆ ನಿಂತಿತು. ಸರ್ವೆ ನಂಬರು, ವಿಸ್ತೀರ್ಣ, ಗೇಣಿ ಎಷ್ಟು, ಯಾವಾಗಿನಿಂದ ಎಂದು ಆ ಕಾಗದ ಕೇಳುತ್ತದೆ. ಗದ್ದೆಯನ್ನು ಬೇಲಿಯ ಮರದಿಂದ ಗುರುತಿಸುವವನಿಗೆ ಸರ್ವೆ ನಂಬರು ಎಲ್ಲಿಂದ ಬರಬೇಕು? ಶಾಲೆ ಬಿಟ್ಟ ಮೇಲೆ ಅವರೆಲ್ಲ ಅಪ್ಪಯ್ಯನ ಹತ್ತಿರ ಬರುತ್ತಿದ್ದರು. ಅಪ್ಪಯ್ಯ ತಾಲೂಕು ಕಚೇರಿಗೆ ಹೋಗಿ ನಂಬರು ಹುಡುಕಿ ತಂದು ತುಂಬಿಕೊಡುತ್ತಿದ್ದರು.

ಅದರಲ್ಲಿ ನಮ್ಮದೇ ಮನೆಯ ಚಾಲಗೇಣಿ ಒಕ್ಕಲುಗಳೂ ಇದ್ದರು. ಮನೆಯ ಯಜಮಾನಿಕೆ ದೊಡ್ಡಪ್ಪನದು. ತಮ್ಮ ಮನೆಯ ಗದ್ದೆ ಹೋಗುವ ಅರ್ಜಿಯನ್ನು ತಮ್ಮನೇ ಕೂತು ಬರೆದನೆಂದು ದೊಡ್ಡಪ್ಪ ಹನ್ನೊಂದು ವರ್ಷ ಮಾತು ಬಿಟ್ಟರು. ಅಜ್ಜಿಯ ಬೊಜ್ಜದ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು, ಮಜ್ಜಿಗೆ ಬೇಕೆಂದು ಬೇರೆಯವರ ಕೈಲಿ ಹೇಳಿಸಿದರಂತೆ. ನಾವು ಮಕ್ಕಳಿಗೆ ಇದು ಯಾವುದೂ ನೆಟ್ಟಗೆ ಗೊತ್ತಿರಲಿಲ್ಲ. ದೊಡ್ಡವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಅಪ್ಪಯ್ಯ ಆ ನೋಟ್‌ಬುಕ್ಕನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕೋಲ್ಕತ್ತಕ್ಕೆ ಕಳಿಸಿದರು. 2005ರ ಸಂಜೆಗಳಲ್ಲಿ, ದುರ್ಗಾಪೂಜೆಯ ಡೋಲು, ಕಾಳಿಪೂಜೆಯ ಪಟಾಕಿಗಳ ನಡುವೆ ನಾನದನ್ನು ನುಡಿಯಲ್ಲಿ ಟೈಪು ಮಾಡಿದೆ. ಪ್ರಿಂಟು ಹಾಕಿ, ನೋಟ್‌ಬುಕ್ಕಿನ ಜೊತೆ ಊರಿಗೆ ವಾಪಸು ಕಳಿಸಿದೆ. ಅಪ್ಪಯ್ಯ 2011ರಲ್ಲಿ ಹೋದರು. ಎರಡು ವರ್ಷದ ಮೇಲೆ ಅಟ್ಟ ಇಳಿಸಿದಾಗ ನೋಟ್‌ಬುಕ್ಕೂ ಪ್ರಿಂಟೂ ಎರಡೂ ಗೆದ್ದಲಿನ ಪಾಲಾಗಿದ್ದವು. ಉಳಿದದ್ದು ನಾನು ನನಗೇ ಮೇಲ್ ಮಾಡಿಟ್ಟಿದ್ದ ಆ ಒಂದು ಕಡತ.

2024ರಲ್ಲಿ ಪುಣೆಯಲ್ಲಿರುವ ಮಗಳು ಕೇಳಿದಳು, "ಅಪ್ಪಾ, ಅಜ್ಜಯ್ಯ ಬರ್ದಿದ್ದು ನಿನ್ ಹತ್ರ ಇದೆಯಲ್ಲಾ, ಕಳ್ಸು." ಅವಳು ಕನ್ನಡ ಓದಲು ಕಲಿತದ್ದು ಬೇಸಿಗೆ ರಜೆಯಲ್ಲಿ ಅಪ್ಪಯ್ಯನ ಹತ್ತಿರವೇ. ಕಳಿಸಿದೆ. ಐದು ನಿಮಿಷಕ್ಕೆ ಫೋನು. "ಅಪ್ಪಾ, ಇದೇನು ಕಳ್ಸಿದೀಯಾ, ಫಾರಿನ್ ಎಕ್ಸ್‌ಚೇಂಜಾ?"

ಹೊಸ ಲ್ಯಾಪ್‌ಟಾಪಿನಲ್ಲಿ ನಾನೂ ತೆರೆದು ನೋಡಿದೆ. ನಿಜಕ್ಕೂ ಹಾಗೇ ಇತ್ತು. ಪುಟದ ತುಂಬಾ ಬ್ರಿಟನ್ನಿನ ಪೌಂಡು, ಜಪಾನಿನ ಯೆನ್ನು, ಅಮೆರಿಕದ ಸೆಂಟು, ನಡುನಡುವೆ ತಲೆಯ ಮೇಲೆ ಗೀಟು ಎಳೆದ ಎ ಅಕ್ಷರಗಳು.

ಕಾರಣ ಇದು. ಆ ಕಾಲದ ನುಡಿ, ಬರಹಗಳ ಹಳೆಯ ಫಾಂಟುಗಳು ಕಂಪ್ಯೂಟರಿಗೆ ಒಂದು ಸಣ್ಣ ಮೋಸ ಮಾಡುತ್ತಿದ್ದವು. ಕಂಪ್ಯೂಟರು ಉಳಿಸಿಕೊಳ್ಳುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರ, ಚಿಹ್ನೆಗಳ ಸಂಖ್ಯೆಯನ್ನೇ. ಆದರೆ ಪರದೆಗೆ ತರುವಾಗ ಫಾಂಟು ಅದರ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ಪೌಂಡಿನ ಮನೆಯಲ್ಲಿ ನ ಕೂತಿದೆ. ಯೆನ್ನಿನ ಮನೆಯಲ್ಲಿ ಪ. ಸೆಂಟಿನ ಮನೆಯಲ್ಲಿ ದಿ. ಫಾಂಟು ತೆಗೆದರೆ ಒಳಗಿನ ಬಾಡಿಗೆದಾರ ಹೊರಟುಹೋಗಿ ಮನೆಯ ಮೂಲ ಬೋರ್ಡು ಕಾಣುತ್ತದೆ, ಅಷ್ಟೆ. ಯುನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗ ಇದೆ. ಆದರೆ 2005ರಲ್ಲಿ ಪ್ರಿಂಟು ಹಾಕುವವರೆಲ್ಲ ಬಳಸುತ್ತಿದ್ದದ್ದು ಹಳೆಯ ಫಾಂಟನ್ನೇ, ಪ್ರೆಸ್ಸಿನವರು ಕೇಳುತ್ತಿದ್ದದ್ದೂ ಅದನ್ನೇ.

ಫಾರಿನ್ ಎಕ್ಸ್‌ಚೇಂಜ್ ಡೆಸ್ಕಿನಲ್ಲಿ ಎರಡು ವರ್ಷ ಕೂತವನು ನಾನು. ಆ ಪುಟವನ್ನು ಹಾಗೇ ನೋಡುತ್ತಾ ಕೂತೆ. ದಿನ ಎಂಬ ಶಬ್ದ ಒಂದು ಸೆಂಟಿನಿಂದ ಶುರುವಾಗಿ ಪೌಂಡಿಗೆ ಹೋಗುತ್ತದೆ. ದೊಡ್ಡ ಸಿ, ಅದರ ಬೆನ್ನಿಗೆ ಯೆನ್ ಬಂದರೆ ಅದು ಅಪ್ಪ ಎಂಬುದರ ಅಪ್. ಹಾಗೆ ಸಿ ಮತ್ತು ಯೆನ್ ಜೋಡಿ ಹುಡುಕುತ್ತಾ ಹೋದರೆ, ಅಪ್ಪಯ್ಯ ತಮ್ಮ ಅಪ್ಪಯ್ಯನ ಬಗ್ಗೆ ಬರೆದ ಪುಟ ಯಾವುದೆಂದು ಫಾಂಟಿಲ್ಲದೆಯೇ ಗೊತ್ತಾಯಿತು. ಕರಾವಳಿಯಲ್ಲಿ ಜಾಗ ಅಳೆಯುವುದೂ ಸೆಂಟಿನಲ್ಲೇ, ನೂರು ಸೆಂಟಿಗೆ ಒಂದು ಎಕರೆ. ಆದ್ದರಿಂದ ಆ ಪುಟಗಳಲ್ಲಿ ಎರಡು ಥರದ ಸೆಂಟುಗಳು!

ಹಳೆಯ ಫಾಂಟು ಹುಡುಕಿ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ನನಗೆ ಓದಲು ಬರುತ್ತದೆ. ಹಾಕಿಯೂ ಹಾಕಿದೆ. ಆದರೆ ಮಗಳ ಮೊಬೈಲಿಗೆ ಏನು ಮಾಡಲಿ? ಇಡೀ ಕಡತವನ್ನು ಯುನಿಕೋಡಿಗೆ ಪರಿವರ್ತಿಸದೆ ದಾರಿಯಿರಲಿಲ್ಲ. ಹುಡುಕಿದಾಗ ಪುಣ್ಯಾತ್ಮರು ಯಾರೋ ಉಚಿತವಾಗಿ ಇಟ್ಟಿದ್ದ ಒಂದು ಪರಿವರ್ತಕ ಸಿಕ್ಕಿತು. ಇಳಿಸಿಕೊಂಡೆ. ಜೊತೆಗೆ ಸೂಚನೆಯ ಕಡತ, ಅಚ್ಚಕನ್ನಡದಲ್ಲಿ, ಮೂರೇ ಸಾಲು. "ಸಂಕುಚಿತ ಕಡತವನ್ನು ವಿಸ್ತರಿಸಿ. ಅವಲಂಬಿತ ಘಟಕಗಳನ್ನು ಅನುಸ್ಥಾಪಿಸಿ. ಪಠ್ಯ ಕಡತವನ್ನು ಆದಾನವಾಗಿ ನೀಡಿ ಚಾಲನೆಗೊಳಿಸಿ."

ಕನ್ನಡ ಸೂಚನೆಯನ್ನು ಅರ್ಥ ಮಾಡಿಕೊಳ್ಳಲು ಮನಸ್ಸಿನಲ್ಲೇ ಇಂಗ್ಲಿಷಿಗೆ ಅನುವಾದ ಮಾಡಬೇಕಾಯಿತು ಎಂದರೆ ನಗಬೇಡಿ. ಸಂಕುಚಿತ ಅಂದರೆ ಜಿಪ್. ಅನುಸ್ಥಾಪಿಸು ಅಂದರೆ ಇನ್‌ಸ್ಟಾಲ್, ನಮ್ಮ ಕಡೆ ಸ್ಥಾಪನೆ ಏನಿದ್ದರೂ ಗಣಪತಿಗೆ ಮತ್ತು ನಾಗನಿಗೆ. ಅವಲಂಬಿತ ಘಟಕ ಯಾವುದು? ಎಲ್ಲಿ ಸಿಗುತ್ತದೆ? ಅದು ಬರೆದಿರಲಿಲ್ಲ. ಪರಿವರ್ತಕವನ್ನು ಓಡಿಸಿದಾಗ ಬಂದ ತಪ್ಪಿನ ಸಂದೇಶದ ಕೊನೆಯ ಸಾಲಿನಲ್ಲಿ ಒಂದು ಹೆಸರಿತ್ತು, ಅದನ್ನೇ ಹಿಡಿದು ಹುಡುಕಿದರೆ ಆ ಘಟಕ ಸಿಕ್ಕಿತು. ಬ್ಯಾಂಕಿನಲ್ಲಿ ಕಲಿತ ವಿದ್ಯೆ ಇದೊಂದೇ. ಕೈಪಿಡಿ ಸುಮ್ಮನಿದ್ದಲ್ಲಿ ತಪ್ಪಿನ ಸಂದೇಶ ಬಾಯಿ ಬಿಡುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಕಷ್ಟವಾದದ್ದು "ಪಠ್ಯ ಕಡತ" ಎಂಬ ಆ ಎರಡು ಪದ. ವರ್ಡಿನಿಂದ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ಉಳಿಸಲು ಹೋದರೆ ಎನ್‌ಕೋಡಿಂಗ್ ಯಾವುದೆಂದು ಐದು ಆಯ್ಕೆ ಕೊಡುತ್ತದೆ. ಆನ್ಸಿ, ಎರಡು ಬಗೆಯ ಯುಟಿಎಫ್-16, ಯುಟಿಎಫ್-8, ಬಿಒಎಂ ಸಹಿತವಾದ ಯುಟಿಎಫ್-8. ಸೂಚನೆಯಲ್ಲಿ ಒಂದಕ್ಷರವೂ ಇಲ್ಲ. ಯೋಚಿಸುತ್ತಾ ಕೂರುವ ಬದಲು ಮೊದಲ ಪುಟವನ್ನು ಐದು ಸಲ ಉಳಿಸಿ, ಒಂದರಿಂದ ಐದು ಎಂದು ಹೆಸರಿಟ್ಟು, ಒಂದೊಂದಾಗಿ ಕೊಟ್ಟೆ. ಮೊದಲಿನ ಮೂರು ಮಣ್ಣು. ಐದನೆಯದರಲ್ಲಿ ಎಲ್ಲ ಸರಿ, ಮೊದಲ ಅಕ್ಷರ ಮಾತ್ರ ಕೆಟ್ಟಿತು. ನಾಲ್ಕನೆಯದರಲ್ಲಿ, ಯುಟಿಎಫ್-8ರಲ್ಲಿ, ಅಪ್ಪಯ್ಯ ಮಾತಾಡಿದರು.

ಇಡೀ ಕಡತ ಹಾಕಿದ ಮೇಲೆ ತಾಳೆ ನೋಡಿದೆ. ಮೊದಲಿದ್ದ ಪದಗಳೆಷ್ಟು, ಆಮೇಲೆ ಎಷ್ಟು, ದಿನದ ಕೊನೆಗೆ ಕ್ಯಾಶ್ ತಾಳೆ ನೋಡುವ ಹಾಗೆ. ತಾಳೆಯಾಯಿತು. ಆದರೂ ಓದುತ್ತಾ ಹೋದರೆ ಅಲ್ಲಲ್ಲಿ ವಿಚಿತ್ರ. ಒಂದು ಕಡೆ "ಐಂಓಆ" ಎಂದಿತ್ತು. ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ಆ ಸಾಲು ಓದಿ ಹೇಳಿದೆ. "ಎಂತ ಮಂತ್ರ ಓದ್ತಿದ್ಯಾ ಮಾರಾಯ?" ಅಂದಳು ಅಕ್ಕ. ಅಪ್ಪಯ್ಯ ದೇವಿ ಉಪಾಸನೆ ಮಾಡಿದ್ದು ಇಬ್ಬರಿಗೂ ಗೊತ್ತಿಲ್ಲ. ಆಮೇಲೆ ಹೊಳೆಯಿತು. ನ್ಯಾಯಮಂಡಳಿಯ ಹೆಸರನ್ನು ಅಪ್ಪಯ್ಯ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದಿದ್ದರು, ನಾನೂ ಇಂಗ್ಲಿಷಿನಲ್ಲೇ ಟೈಪಿಸಿದ್ದೆ. ಪರಿವರ್ತಕಕ್ಕೆ ಅದು ಇಂಗ್ಲಿಷೋ ಕನ್ನಡದ ವೇಷವೋ ತಿಳಿಯುವುದು ಹೇಗೆ? ದೊಡ್ಡ ಎಲ್ ಅಂದರೆ ಐ, ಎ ಅಂದರೆ ಸೊನ್ನೆ, ಎನ್ ಅಂದರೆ ಓ, ಡಿ ಅಂದರೆ ಆ. ಲ್ಯಾಂಡ್ ಎಂಬುದು ಐಂಓಆ ಆಗಿತ್ತು! ಈ ಥರದ್ದನ್ನೆಲ್ಲ ಕೈಯಲ್ಲೇ ತಿದ್ದಿದೆ.

ಇಪ್ಪತ್ತು ವರ್ಷದ ಹಿಂದೆ ಟೈಪಿಸಿದವನು ನಾನೇ, ಆದರೆ ಆಗ ಕಣ್ಣು ಇದ್ದದ್ದು ಕೀಲಿಗಳ ಮೇಲೆ. ಈಗ ತಿದ್ದುತ್ತಾ ಒಂದೊಂದು ಸಾಲನ್ನೂ ಓದಿದೆ. ದೊಡ್ಡಪ್ಪನ ಒಕ್ಕಲಿನ ಅರ್ಜಿ ತುಂಬಿದ ಸಂಜೆಯ ಬಗ್ಗೆ ಅಪ್ಪಯ್ಯ ಹೆಚ್ಚು ಬರೆದಿಲ್ಲ. ಕಾಗದದಲ್ಲಿ ಏನಿದೆ ಎಂದು ಅವರಿಗೆ ಓದಲು ಬರುವುದಿಲ್ಲ, ನನಗೆ ಬರುತ್ತದೆ, ಗೊತ್ತಿದ್ದೂ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಎಂದಷ್ಟೇ. ಕೆಳಗೆ ಸರ್ವೆ ನಂಬರು.

ಇದನ್ನು ಓದಿ ಹೇಳಿದಾಗ ಫೋನಿನ ಆ ಕಡೆ ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ದೊಡ್ಡಪ್ಪಯ್ಯನ ಮಗನಿಗೂ ಒಂದ್ ಪ್ರತಿ ಕಳ್ಸ್" ಎಂದಳು. ಕಳಿಸಿದ್ದೇನೆ. ವಾಟ್ಸಪ್ಪಿನಲ್ಲಿ ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ. ಅವನೂ ನನ್ನ ಪ್ರಾಯದವನೇ, ನಿಧಾನವಾಗಿ ಓದುತ್ತಿರಬಹುದು.

ಮಗಳು ಮೊಬೈಲಿನಲ್ಲಿ ಓದಿ ಮುಗಿಸಿ, ಮುಡಿ ಅಂದರೆ ಎಷ್ಟು, ಚಾಲಗೇಣಿಗೂ ಮೂಲಗೇಣಿಗೂ ಏನು ವ್ಯತ್ಯಾಸ ಎಂದು ಕೇಳಿ ನನ್ನ ತಲೆ ತಿಂದಳು. ಮುಡಿಯೆಂದರೆ ಹುಲ್ಲಿನ ಹಗ್ಗದಲ್ಲಿ ಬಿಗಿದು ಕಟ್ಟಿದ ಅಕ್ಕಿ, 42 ಸೇರು ಎಂದು ಅಕ್ಕನ ಲೆಕ್ಕ. ಮೂಲಗೇಣಿ ಕಾಯಂ, ಚಾಲಗೇಣಿಯವನನ್ನು ಮನಸ್ಸು ಬಂದಾಗ ಎಬ್ಬಿಸಬಹುದಿತ್ತು.

ಕೊನೆಯ ಮೂರು ಪುಟ ಮಾತ್ರ ಇನ್ನೂ ಕೂತಿಲ್ಲ. ಅಲ್ಲಿರುವುದು ಒಕ್ಕಲು, ಗದ್ದೆ, ಗೇಣಿಯ ಮುಡಿ ಎಂದು ಕಂಬಸಾಲು. ಪರಿವರ್ತಕ ಕಂಬಗಳನ್ನೆಲ್ಲ ಕೆಡವಿ ಒಂದೇ ಸಾಲು ಮಾಡಿಬಿಟ್ಟಿದೆ. ಭಾನುವಾರ ಬೆಳಿಗ್ಗೆ ಲೇಕ್ ಮಾರ್ಕೆಟ್ಟಿನಿಂದ ತಂದ ಕಾಫಿಪುಡಿಯ ಕಾಫಿ ಇಟ್ಟುಕೊಂಡು, ಅಡಿಯ ಮೊತ್ತ ನೋಡಿ ಯಾವ ಅಂಕಿ ಯಾವ ಕಂಬದ್ದೆಂದು ಒಂದೊಂದಾಗಿ ಕೂರಿಸುತ್ತಿದ್ದೇನೆ. ಎರಡು ಪುಟ ತಾಳೆಯಾಯಿತು. ಮೂರನೆಯದರಲ್ಲಿ ಎಷ್ಟು ಸಲ ಕೂಡಿಸಿದರೂ ಎರಡು ಮುಡಿ ಕಡಿಮೆ ಬರುತ್ತದೆ. ಅಕ್ಕನನ್ನು ಕೇಳಿದರೆ, "ಅದ್ ಬೆಳೆ ಹಾಳಾದ್ ವರ್ಷ ಬಿಟ್ ಕೊಟ್ಟದ್ ಇರ್ಕ್" ಎನ್ನುತ್ತಾಳೆ. ಹಾಗಾಗಿ ಅದನ್ನು ತಿದ್ದದೆ ಬಿಟ್ಟಿದ್ದೇನೆ.